ಕಣ್ಣು ಕಾಣದವರು ಕಿವಿಯಿಂದ ನೋಡಬಹುದಂತೆ, ನಿಜಾನಾ?

ನಿಮ್ಮ ತಮ್ಮನಿಗೆ ಕಳೆದ ವರ್ಷ ದೃಷ್ಟಿ ಹೋಯಿತು, ಕ್ಯಾಮೆರಾ ಕಂಡದ್ದನ್ನು ಶಬ್ದ ಮಾಡಿ ಕೇಳಿಸುವ ಆಪ್ ಹಾಕಿಕೊಟ್ಟರೆ ಅವನು ಒಬ್ಬನೇ ಓಡಾಡಬಹುದಾ ಅಂತ ಕೇಳಿದ್ದೀರಿ. ಅದನ್ನೊಂದೇ ನಂಬಿ ರಸ್ತೆಗೆ ಇಳಿಯೋದು ಬೇಡ. ಆದರೆ ಆಪ್ ಖಂಡಿತ ಹಾಕಿಕೊಡಿ.

ನಾನು ಮಂಗಳೂರಿನವನು. ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದ್ರೆ ಕಣ್ಣಿನ ಒಳಪದರ ನಿಧಾನವಾಗಿ ಕೆಡುತ್ತಾ ಹೋಗುವ ಕಾಯಿಲೆ. ಮೂವತ್ತು ದಾಟುವಷ್ಟರಲ್ಲಿ ಬೆಳಕು ಯಾವುದು ಕತ್ತಲೆ ಯಾವುದು ಅನ್ನುವಷ್ಟು ಮಾತ್ರ ಉಳಿಯಿತು.

ನೀವು ಹೇಳುತ್ತಿರುವುದು 'ದಿ ವಾಯ್ಸ್' ಇರಬೇಕು. ಪೀಟರ್ ಮೇಯರ್ ಅನ್ನುವ ಡಚ್ಚರು ಮಾಡಿದ್ದು, 1992ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದಿದ್ದರು. ಆಂಡ್ರಾಯ್ಡ್ ಫೋನಿಗೆ ಪುಕ್ಕಟೆ ಸಿಗುತ್ತದೆ. ಎದುರಿನ ಚಿತ್ರವನ್ನು ಎಡದಿಂದ ಬಲಕ್ಕೆ ಸುಮಾರು ಒಂದು ಸೆಕೆಂಡಿನಲ್ಲಿ ಸವರಿಕೊಂಡು ಹೋಗುತ್ತದೆ. ಮೇಲಿದ್ದದ್ದು ಕೀರಲು ಸ್ವರ, ಕೆಳಗಿದ್ದದ್ದು ದಪ್ಪ ಸ್ವರ. ಬೆಳ್ಳಗಿದ್ದಷ್ಟೂ ಜೋರು, ಕಪ್ಪು ಅಂದ್ರೆ ಮೌನ. ಇಷ್ಟೇ. ಐದು ನಿಮಿಷದಲ್ಲಿ ತಲೆಗೆ ಹೋಗುತ್ತದೆ, ಕಿವಿಗೆ ಹತ್ತಲು ತಿಂಗಳುಗಟ್ಟಲೆ ಬೇಕು. ನಾನು ಮೊದಲ ವಾರ ಸ್ಪೀಕರಿನಲ್ಲೇ ಹಾಕಿದ್ದೆ, ಹಳೇ ರೇಡಿಯೋದಲ್ಲಿ ಸ್ಟೇಷನ್ ಹುಡುಕಿದ ಹಾಗೆ ಕಿರುಗುಟ್ಟುತ್ತಿತ್ತು, ಅಮ್ಮ ಅಡುಗೆಮನೆಯಿಂದಲೇ "ಎಂತದು ಮಾರಾಯ ಅದು, ಒಮ್ಮೆ ಬಂದ್ ಮಾಡು" ಅಂತ ಬೈದಿದ್ದರು.

ನನಗೆ ದಾರಿ ತೋರಿಸಿದ್ದು ನಮ್ಮ ಮನೆಯ ಟ್ಯೂಬ್‌ಲೈಟ್. ರಾತ್ರಿ ಅದರ ಕಡೆ ಫೋನ್ ಹಿಡಿದೆ. ಒಂದೇ ಸ್ವರ, ಉದ್ದಕ್ಕೆ. ಸುಮ್ನೆ ಕೈ ಸ್ವಲ್ಪ ಓರೆ ಮಾಡಿದೆ, ಸ್ವರ ಕೆಳಗಿಂದ ಮೇಲಕ್ಕೆ ಜಾರಿತು. ಆ ಕಡೆಗೆ ಓರೆ ಮಾಡಿದೆ, ಮೇಲಿಂದ ಕೆಳಕ್ಕೆ ಜಾರಿತು. ಪೂರ್ತಿ ನೆಟ್ಟಗೆ ತಿರುಗಿಸಿದರೆ ಒಂದು ಚಿಟಿಕೆ ಹೊಡೆದಷ್ಟು ಹೊತ್ತು ಎಲ್ಲಾ ಸ್ವರಗಳೂ ಒಟ್ಟಿಗೆ. ಅರ್ಧ ಗಂಟೆ ಹೀಗೇ ಆಡುತ್ತಾ ಕೂತೆ, ಆಮೇಲೆ ಯಾವಾಗಲೋ ಶಬ್ದ ಕಿವಿಯಲ್ಲಿರುವುದು ಬಿಟ್ಟು ಅಗೋ ಅಲ್ಲಿ, ಗೋಡೆಯ ಮೇಲೆ ಉಂಟು ಅನ್ನಿಸಿತು.

ಇದು ನನ್ನೊಬ್ಬನ ಭ್ರಮೆ ಅಲ್ಲ. ಅಮೆರಿಕದ ಪಾಲ್ ಬಾಕ್-ಇ-ರೀಟಾ ಅನ್ನುವ ವಿಜ್ಞಾನಿ 1969ರಲ್ಲಿ ಒಂದು ಹಳೇ ಹಲ್ಲಿನ ಡಾಕ್ಟರ ಕುರ್ಚಿಗೆ 400 ಅದುರುವ ಮೊಳೆಗಳನ್ನು ಕೂರಿಸಿ, ಕ್ಯಾಮೆರಾದ ಚಿತ್ರವನ್ನು ಅಂಧರ ಬೆನ್ನ ಮೇಲೆ ಮೂಡಿಸಿದ್ದರು. ಬೇರೆಯವರು ಕ್ಯಾಮೆರಾ ಹಿಡಿದರೆ ಬರೀ ಬೆನ್ನು ಗುಂಯ್‌ಗುಟ್ಟುತ್ತಿತ್ತು. ಆ ಅಂಧರೇ ಕ್ಯಾಮೆರಾ ತಿರುಗಿಸಿದಾಗ ಮಾತ್ರ ವಸ್ತು ಎದುರಿಗಿದೆ ಅಂತ ಗೊತ್ತಾಗುತ್ತಿತ್ತು. ಅದೇ ದಾರಿಯಲ್ಲಿ ಮುಂದೆ ನಾಲಿಗೆ ಮೇಲೆ ಇಟ್ಟುಕೊಳ್ಳುವ 'ಬ್ರೈನ್‌ಪೋರ್ಟ್' ಬಂತು, 2015ರಲ್ಲಿ ಅಲ್ಲಿನ ಸರ್ಕಾರದ ಅನುಮತಿಯೂ ಸಿಕ್ಕಿತು, ಆದರೆ ಅದು ಸಾವಿರಾರು ಡಾಲರಿನ ಮಾತು, ನಮಗಲ್ಲ ಬಿಡಿ.

ಹಾಗಾಗಿ ಫೋನ್ ನಿಮ್ಮ ತಮ್ಮನ ಕೈಯಲ್ಲೇ ಇರಲಿ. ನೀವು ಹಿಡಿದು "ಈಗ ಎಂತ ಕೇಳ್ತಿದೆ ಹೇಳು" ಅಂತ ಪರೀಕ್ಷೆ ಮಾಡಬೇಡಿ, ಎರಡೇ ದಿನಕ್ಕೆ ಅವನು ಆಪ್ ಅಳಿಸಿ ಹಾಕುತ್ತಾನೆ.

ಇನ್ನು ರಸ್ತೆ ಯಾಕೆ ಬೇಡ? ನಮ್ಮೂರಿನ ಗಿಜಿಗುಡುವ ಹಂಪನಕಟ್ಟೆಯಲ್ಲಿ ನನ್ನ ಕಿವಿಗೆ ಮೊದಲೇ ಕೈತುಂಬ ಕೆಲಸ. ಕಂಡಕ್ಟರ್ ವಿಸಿಲ್, ಬಸ್ ಹೋಗುವ ಜಾಗದ ಹೆಸರು ಹಿಡಿದು "ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್" ಕೂಗು, ಹಿಂದಿನಿಂದ ಬರುವ ರಿಕ್ಷಾ. ಅದರ ಮೇಲೆ ಇದನ್ನೂ ಸುರಿದರೆ ಎರಡೂ ಕೆಡುತ್ತದೆ. ಒಂದು ಚಿತ್ರಕ್ಕೆ ಒಂದು ಸೆಕೆಂಡ್ ಅಂದೆನಲ್ಲ, 40 ಕಿಲೋಮೀಟರ್ ವೇಗದ ಸಿಟಿ ಬಸ್ ಅಷ್ಟರೊಳಗೆ 11 ಮೀಟರ್ ಬಂದಾಗಿರುತ್ತದೆ. ನಮ್ಮ ಸಿಟಿ ಬಸ್ಸಿನವರು 40ರಲ್ಲಿ ಹೋದರೆ ಅದು ಪುಣ್ಯ. ಸಾಲದ್ದಕ್ಕೆ ದೂರದ ಲಾರಿ ಮತ್ತು ಹತ್ತಿರದ ರಿಕ್ಷಾ ಚಿತ್ರದಲ್ಲಿ ಒಂದೇ ಗಾತ್ರ ಇರಬಹುದು, ಆಪ್ ವ್ಯತ್ಯಾಸ ಹೇಳುವುದಿಲ್ಲ. ಜೂನ್ ಮಳೆಯಲ್ಲಂತೂ ಕೊಡೆಯ ಮೇಲಿನ ಸದ್ದು ಬಿಟ್ಟು ಬೇರೇನೂ ಕೇಳಿಸಲ್ಲ. ಕಿವಿ ಮುಚ್ಚದೆ ಎಲುಬಿನ ಮೂಲಕ ಕೇಳಿಸುವ ಇಯರ್‌ಫೋನ್ ಇದೆ, ಸ್ವಲ್ಪ ವಾಸಿ, ಅಷ್ಟೇ.

ರಸ್ತೆಗೆ ಬಿಳಿ ಕೋಲು. ದುಡ್ಡು ಹಾಕುವುದಾದರೆ ದೆಹಲಿ ಐಐಟಿಯವರ ಸ್ಮಾರ್ಟ್‌ಕೇನ್ ನೋಡಿ, 2014ರಲ್ಲಿ ಬಂದದ್ದು. ಮೊಣಕಾಲಿನಿಂದ ಮೇಲೆ ಎದುರಾಗುವ ಅಡ್ಡಿಯನ್ನು ಸುಮಾರು 3 ಮೀಟರ್ ದೂರದಲ್ಲೇ ಗುರುತಿಸಿ ಹಿಡಿಕೆ ಅದುರುತ್ತದೆ. ಅಂಗಡಿಯೊಂದರ ಬೋರ್ಡಿಗೆ ಹಣೆ ಒಡೆದುಕೊಂಡ ಮೇಲೆ ನನಗೆ ಅದರ ಬೆಲೆ ಗೊತ್ತಾಯಿತು. ಚಪ್ಪಡಿ ಇಲ್ಲದ ಚರಂಡಿಯನ್ನು ಮಾತ್ರ ಅದೂ ಹೇಳುವುದಿಲ್ಲ, ಅದಕ್ಕೆ ಕೋಲಿನ ತುದಿಯೇ ಗತಿ.

ಹಾಗಾದ್ರೆ ಆಪ್ ಯಾಕೆ ಇಟ್ಟುಕೊಂಡಿದ್ದೇನೆ? ಹೊರಗೆ ಒಣಗಲು ಹಾಕಿದ ಬಿಳಿ ಪಂಚೆ ಇನ್ನೂ ಹಗ್ಗದಲ್ಲೇ ಇದೆಯಾ, ಯಾವ ಕೋಣೆಯ ಬಾಗಿಲು ಅರ್ಧ ತೆರೆದಿದೆ, ಇಂಥದ್ದಕ್ಕೆ ಯಾರನ್ನೂ ಕೂಗಬೇಕಾಗಿಲ್ಲ. ಒಮ್ಮೆ ಕತ್ತಲಾದ ಮೇಲೆ ಅಕ್ಕನ ಜೊತೆ ಪಣಂಬೂರು ಕಡಲತೀರಕ್ಕೆ ಹೋಗಿದ್ದೆ. ಬಂದರಿಗೆ ಕಾಯುತ್ತಾ ಹಡಗುಗಳು ನಿಂತಿದ್ದವು. ಕತ್ತಲೆ ಪೂರ್ತಿ ಮೌನ, ನಡುನಡುವೆ ದೀಪಕ್ಕೊಂದು ಸಣ್ಣ ಟಿಕ್. ನಾನು ನಾಲ್ಕು ಅಂದೆ. ಅಕ್ಕ ಎಣಿಸಿ ಐದು ಅಂದಳು. ಫೋನನ್ನು ಸ್ವಲ್ಪ ಬಲಕ್ಕೆ ತಿರುಗಿಸಿದೆ, ಐದನೆಯದೂ ಸಿಕ್ಕಿತು.