ಗುಡ್ ಫ್ರೈಡೇಗೆ 'ಹ್ಯಾಪಿ' ಅಂತ ವಿಶ್ ಮಾಡೋರಿಗೆ ಏನು ಹೇಳೋದು?

ನೀವು ಕೇಳಿರೋದು ಇಷ್ಟು: ಬೆಂಗಳೂರಲ್ಲಿ ಆಫೀಸು, ಟೀಮಲ್ಲಿ ನೀವೊಬ್ರೇ ಕ್ಯಾಥೊಲಿಕ್, ಯೇಸು ಶಿಲುಬೆ ಮೇಲೆ ಪ್ರಾಣಬಿಟ್ಟ ದಿನಕ್ಕೆ ಪ್ರತಿ ವರ್ಷ ಗ್ರೂಪಲ್ಲಿ ಹೂವು ಬಲೂನು ಹಾಕಿ 'ಹ್ಯಾಪಿ ಗುಡ್ ಫ್ರೈಡೇ' ಅಂತ ಬರುತ್ತೆ, ಸುಮ್ನಿರ್ಬೇಕಾ, ತಿದ್ದಬೇಕಾ. ನಾನೂ ಇಲ್ಲೇ ಹುಟ್ಟಿ ಬೆಳೆದ ಕನ್ನಡ ಕ್ಯಾಥೊಲಿಕ್, ಶಿವಾಜಿನಗರದ ಕಡೆಯವಳು. ನನ್ ಉತ್ತರ: ಥ್ಯಾಂಕ್ಸ್ ಹೇಳಿ, ಅದ್ರ ಜೊತೆಗೇ ಅವ್ರನ್ನ ಈಸ್ಟರ್ ಭಾನುವಾರಕ್ಕೆ ಕರೀರಿ. ತಿದ್ದೋಕೆ ಹೋಗ್ಬೇಡಿ, ಗ್ರೂಪಲ್ಲಂತೂ ಬೇಡ್ವೇ ಬೇಡ.

ಅವ್ರು ನೋಡೋದು ಕ್ಯಾಲೆಂಡರ್ ಕಣ್ರೀ. ಅದ್ರಲ್ಲಿ ಯುಗಾದಿ ಕೆಂಪು, ರಂಜಾನ್ ಕೆಂಪು, ಗುಡ್ ಫ್ರೈಡೇನೂ ಕೆಂಪು, ಸರ್ಕಾರಿ ರಜೆ ಬೇರೆ, ಶನಿವಾರ ಭಾನುವಾರ ಸೇರಿಸ್ಕೊಂಡ್ರೆ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋಗ್ಬರ್ಬಹುದು, ಇಷ್ಟೆಲ್ಲ ಇದ್ಮೇಲೆ ಅದು ಹಬ್ಬ ಅಲ್ಲ ಅಂತ ಗೊತ್ತಾಗೋದಾದ್ರೂ ಹೇಗೆ? ಯೇಸು ಮತ್ತೆ ಎದ್ದುಬಂದ ಹಬ್ಬ ಈಸ್ಟರ್ ಬರೋದೇ ಭಾನುವಾರ, ಅದಕ್ಕೆ ಅಂತ ಬೇರೆ ರಜೆ ಇಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳಲ್ಲ. ತಮಾಷೆ ನೋಡಿ, ನಮ್ಮ ವರ್ಷದ ಅತಿ ದೊಡ್ಡ ಹಬ್ಬಕ್ಕೆ ಒಂದು ವಿಶ್ ಬರಲ್ಲ, ಉಪವಾಸದ ದಿನ ಮಾತ್ರ ಫೋನ್ ತುಂಬಾ ವಿಶ್! ಇನ್ನೊಂದು ಹೇಳ್ಬಿಡ್ತೀನಿ, ನಮ್ ಫ್ಯಾಮಿಲಿ ಗ್ರೂಪಲ್ಲೇ ದಿನಾ ಜಪಸರ ಹಿಡಿದು ಪ್ರಾರ್ಥನೆ ಮಾಡೋ ಚಿಕ್ಕಮ್ಮಂದಿರು ಬೆಳಿಗ್ಗೆ ಎದ್ದು ಗುಲಾಬಿ ಹೂವಿನ ಸಮೇತ ಅದನ್ನೇ ಫಾರ್ವರ್ಡ್ ಮಾಡ್ತಾರೆ, ಇನ್ನು ಹೊರಗಿನೋರ ಮೇಲೆ ಏನಂತ ಮುನಿಸ್ಕೊಳ್ಳೋದು.

ನಿಮಗೆ ಕಸಿವಿಸಿ ಆಗೋದು ಅರ್ಥ ಆಗುತ್ತೆ. ಅವತ್ತು ಚರ್ಚಲ್ಲಿ ಬಲಿಪೂಜೇನೇ (ಮಾಸ್) ಇರಲ್ಲ, ಪೀಠದ ಮೇಲೆ ಒಂದು ಬಟ್ಟೆ ಇರಲ್ಲ, ಮೇಣದಬತ್ತಿ ಇರಲ್ಲ, ಗಂಟೆ ಬದ್ಲು ಮರ ಬಡಿಯೋ ಟಕಟಕ ಸದ್ದು. ಮಧ್ಯಾಹ್ನ ಮೂರಕ್ಕೆ ಫಾದರ್ ಕೆಂಪು ವಸ್ತ್ರದಲ್ಲಿ ಒಳಗೆ ಬಂದು ಮಾತಿಲ್ಲದೆ ಬರೀ ನೆಲದ ಮೇಲೆ ಬೋರಲು ಮಲಗಿಬಿಡ್ತಾರೆ, ನಾವೆಲ್ಲ ಮಂಡಿಯೂರ್ತೀವಿ. ಅಲ್ಲಿಂದ ಹೊರಗೆ ಬಂದು ಫೋನ್ ತೆಗೆದ್ರೆ ಬಲೂನು. ಆದ್ರೆ ಒಂದು ವಿಷ್ಯ ಮರೀಬೇಡಿ, ನಮ್ಮ ನಂಬಿಕೆ ಪ್ರಕಾರನೇ ಅದು ಬರೀ ಸಾವಿನ ದಿನ ಅಲ್ಲ, ಆ ಶಿಲುಬೆಯಿಂದಲೇ ನಮಗೆ ರಕ್ಷಣೆ ಅಂತ ತಾನೇ ಅದಕ್ಕೆ ಮುತ್ತು ಕೊಡೋದು? ಹಾಗಾಗಿ ಯಾರೋ ಖುಷಿಯಿಂದ ವಿಶ್ ಮಾಡಿದ್ರೆ ಯೇಸುಗೆ ಅವಮಾನ ಆಗಿಹೋಯ್ತು ಅಂದ್ಕೋಬೇಕಾಗಿಲ್ಲ. ಇದ್ರ ಉಲ್ಟಾನೂ ಇದೆ, ಅರ್ಧ ಗೊತ್ತಿರೋರು ಮುಖ ಸಪ್ಪೆ ಮಾಡ್ಕೊಂಡು ನಮ್ ಮನೇಲೇ ಯಾರೋ ತೀರ್ಕೊಂಡ ಹಾಗೆ 'ಸಾರಿ' ಅಂತಾರೆ, ನಿಜ ಹೇಳ್ಬೇಕಂದ್ರೆ ನನಗೆ ಬಲೂನೇ ವಾಸಿ.

ನಾನು ಟೈಪ್ ಮಾಡೋದು ಹೀಗೆ: "ಥ್ಯಾಂಕ್ಯೂ, ನೆನಪಿಟ್ಕೊಂಡಿದ್ದಕ್ಕೆ ಖುಷಿ ಆಯ್ತು. ಇವತ್ತು ನಮಗೆ ಉಪವಾಸ, ಪ್ರಾರ್ಥನೆ. ಹಬ್ಬ ಭಾನುವಾರ, ಅವತ್ತು ತಪ್ಪದೆ ವಿಶ್ ಮಾಡಿ, ಕೇಕ್ ನನ್ ಕಡೆಯಿಂದ." ಅಷ್ಟೇ, ಯಾರಿಗೂ ಮುಖಭಂಗ ಇಲ್ಲ, ವಿಷಯನೂ ತಲುಪ್ತು. ಭಾನುವಾರ ಮರೆತು ಸೋಮವಾರ ಕಾಫಿ ಟೈಮಲ್ಲಿ ಕೈ ಕುಲುಕಿದ್ರೂ ಲೇಟ್ ಏನಲ್ಲ, ಈಸ್ಟರ್ ಕಾಲ ಪೆಂಟೆಕಾಸ್ಟ್ ಅನ್ನೋ ಹಬ್ಬದ ವರೆಗೂ 50 ದಿನ ನಡೆಯುತ್ತೆ, ಅದನ್ನೂ ಹೇಳಿ, ಪಾಪ ಎಲ್ಲರಿಗೂ ಸಮಾಧಾನ ಆಗುತ್ತೆ.

ತಿಂಡಿ ತಂದುಕೊಡೋರ ವಿಷ್ಯ ಇನ್ನೂ ನಾಜೂಕು. ನಮ್ ಕೆಳಗಿನ ಮನೆ ಆಂಟಿ ಪ್ರತಿ ಗುಡ್ ಫ್ರೈಡೇ ಸ್ಟೀಲ್ ಡಬ್ಬೀಲಿ ಕೇಸರಿಬಾತ್ ತರ್ತಾರೆ, ತುಪ್ಪ ಮೇಲೆ ತೇಲ್ತಿರುತ್ತೆ, "ನಿಮ್ ಹಬ್ಬ ಅಲ್ವೇನಮ್ಮಾ" ಅಂತ. ಬೇಡ ಅನ್ನೋಕಾಗುತ್ತಾ? ಅಮ್ಮ ಎರಡೂ ಕೈಯಲ್ಲಿ ಈಸ್ಕೊಂಡು, ಬೆಳಿಗ್ಗೆಯಿಂದ ಗಂಜಿ ಕುಡಿದಿದೀವಿ ಆಂಟಿ, ಊಟದ ಹೊತ್ತಿಗೆ ತಿಂತೀವಿ ಅಂತಾರೆ. ಅದ್ರಲ್ಲಿ ಸುಳ್ಳೇನೂ ಇಲ್ಲ, ಚರ್ಚಿನ ನಿಯಮ ಇರೋದು 18ರಿಂದ 59 ವಯಸ್ಸಿನವರು ಒಂದೇ ಹೊತ್ತು ಹೊಟ್ಟೆ ತುಂಬಾ ತಿನ್ಬೇಕು, ಬೇಕಿದ್ರೆ ಇನ್ನೆರಡು ಸಲ ಸ್ವಲ್ಪ ಸ್ವಲ್ಪ, 14 ದಾಟಿದ ಯಾರೂ ಮಾಂಸ ಮುಟ್ಟಬಾರದು ಅಂತ, ಕೇಸರಿಬಾತಿನ ಸುದ್ದಿ ಅದ್ರಲ್ಲಿ ಎಲ್ಲೂ ಇಲ್ಲ. ಡಬ್ಬಿ ಖಾಲಿ ವಾಪಸ್ ಕೊಡಬಾರದಲ್ಲ, ಈಸ್ಟರ್ ದಿನ ಅದ್ರಲ್ಲೇ ಕೇಕ್ ಹಾಕಿ ಕೆಳಗೆ ಕೊಟ್ಟು ಬರ್ತೀವಿ, ಯಾವ ದಿನ ಹಬ್ಬ ಅಂತ ಆಂಟಿಗೆ ಈಗ ಚೆನ್ನಾಗಿ ಗೊತ್ತು, ಆದ್ರೂ ಶುಕ್ರವಾರ ಕೇಸರಿಬಾತ್ ಬರೋದು ನಿಂತಿಲ್ಲ.

ತಿದ್ದಲೇಬೇಕಾದ ಜಾಗ ಒಂದೇ, ಎಚ್‌ಆರ್. ಸಾವಿರ ಜನಕ್ಕೆ ಹೋಗೋ ಪೋಸ್ಟರಲ್ಲಿ ಈಸ್ಟರಿನ ಮೊಲ, ಬಣ್ಣದ ಮೊಟ್ಟೆ ಹಾಕಿ ಶುಕ್ರವಾರದ ಶುಭಾಶಯ ಕಳಿಸಿದ್ರೆ ಅದು ವರ್ಷವರ್ಷ ರಿಪೀಟ್ ಆಗುತ್ತೆ. ಆದ್ರೆ ಅವತ್ತೇ ರಿಪ್ಲೈ ಆಲ್ ಒತ್ತಬೇಡಿ, ಈಸ್ಟರ್‌ಗೆ ಹಿಂದಿನ ಭಾನುವಾರ, ಅಂದ್ರೆ ಚರ್ಚಲ್ಲಿ ಗರಿ ಹಿಡಿಯೋ ಗರಿಗಳ ಭಾನುವಾರ, ಕಳೆದ ಮೇಲೆ ಆ ಪೋಸ್ಟರ್ ಮಾಡೋ ಹುಡುಗಿಗೆ ಪರ್ಸನಲ್ ಆಗಿ, ಮೊಲ ಮೊಟ್ಟೆ ಎಲ್ಲಾ ಭಾನುವಾರಕ್ಕೆ ಇಟ್ಕೊಳ್ಳಮ್ಮ, ಶುಕ್ರವಾರಕ್ಕೆ ಬರೀ ರಜೆ ಅಂತ ಹಾಕು ಸಾಕು ಅನ್ನಿ. ಒಪ್ಪದೇ ಇರೋರನ್ನ ನಾನಂತೂ ನೋಡಿಲ್ಲ.

ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ ಶುರುವಾಗೋ ವಿಭೂತಿ ಬುಧವಾರ ಅಷ್ಟೊಂದು ಕಷ್ಟ ಇಲ್ಲ, ಹಣೇಲಿ ಬೂದಿ ನೋಡಿ ಯಾವ ದೇವಸ್ಥಾನಕ್ಕೆ ಹೋಗಿದ್ರಿ ಅಂತಾರೆ, ಇಲ್ಲಾ ಟಿಶ್ಯೂ ಕೊಡ್ತಾರೆ, ಹೋದ ವರ್ಷದ ಗರಿ ಸುಟ್ಟು ಮಾಡಿದ ಬೂದಿ ಅಂದ್ರೆ ಕುತೂಹಲದಿಂದ ಕೇಳ್ತಾರೆ. 2018ರಲ್ಲೂ 2024ರಲ್ಲೂ ಅದು ಫೆಬ್ರವರಿ 14ಕ್ಕೇ ಬಿದ್ದಿತ್ತು, ಹಾಗೆ ಬಿದ್ದಾಗ ವ್ಯಾಲೆಂಟೈನ್ಸ್ ಡೇ ಚಾಕ್ಲೇಟ್ ಕೊಟ್ರೆ, ಅವತ್ತೂ ಉಪವಾಸ ಅಲ್ವಾ, ಬ್ಯಾಗಲ್ಲಿ ಇಟ್ಕೊಳ್ಳಿ, ಗುರುವಾರ ತಿನ್ನಿ.

ತೀರ್ಕೊಂಡವರನ್ನ ನೆನೆಯೋ ಆಲ್ ಸೋಲ್ಸ್ ಡೇ, ನವೆಂಬರ್ 2ಕ್ಕೆ ಮಾತ್ರ ಭಾನುವಾರ ಬನ್ನಿ ಅನ್ನೋ ಉಪಾಯ ನಡೆಯಲ್ಲ. ಹಿಂದಿನ ದಿನ ರಾಜ್ಯೋತ್ಸವ, ಆ ಗುಂಗಲ್ಲೇ ಯಾರಾದ್ರೂ 'ಹ್ಯಾಪಿ ಆಲ್ ಸೋಲ್ಸ್ ಡೇ' ಅಂದ್ರೆ, ನಮ್ದು ಪಿತೃಪಕ್ಷ ಇದ್ದ ಹಾಗೆ, ಇವತ್ತು ತಾತ ಅಜ್ಜಿ ಸಮಾಧಿಗೆ ಹೂವು, ಮೇಣದಬತ್ತಿ ಇಟ್ಟು ಬರ್ತೀವಿ ಅಂದ್ಬಿಡಿ, ತಕ್ಷಣ ಅರ್ಥ ಆಗುತ್ತೆ. ಜೊತೆಗೆ ಮ್ಯಾನೇಜರ್‌ಗೂ ಅವತ್ತು ಬೇಗ ಹೊರಡ್ತೀನಿ ಅಂತ ಮುಂಚೇನೇ ಹೇಳಿಟ್ಟಿರಿ, ಸಂಜೆ ಹೊಸೂರು ರೋಡ್ ಸಿಮೆಟ್ರಿ ಕಡೆ ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ.