ಅಮೆರಿಕದ ಅಂತರ್ಯುದ್ಧ: ಪಾಠ ಹತ್ತಿಯಿಂದ ಶುರುವಾಗಲಿ
(ಓದುಗರ ಪ್ರಶ್ನೆ, ನಮ್ಮ ಉತ್ತರ)

ಪ್ರಶ್ನೆ: ಏಳನೇ ತರಗತಿಯ ಮಕ್ಕಳಿಗೆ ಅಮೆರಿಕದ ಅಂತರ್ಯುದ್ಧದ ಪರಿಚಯ ಮಾಡಿಕೊಡಬೇಕಿದೆ. ಸಿಗುವುದು ಮೂರು ಪೀರಿಯಡ್ ಮಾತ್ರ. ಕಾಳಗಗಳ ಹೆಸರು, ಇಸವಿ ಹೇಳುತ್ತ ಹೋದರೆ ಮಕ್ಕಳು ಆಕಳಿಸುತ್ತಾರೆ. ಎಲ್ಲಿಂದ ಶುರು ಮಾಡಲಿ?
– ಶಿಕ್ಷಕಿ, ಗದಗ ತಾಲ್ಲೂಕು

ಉತ್ತರ: ಹತ್ತಿಯಿಂದ ಶುರು ಮಾಡಿ. ಎರಿ ಹೊಲದ ಊರಿನ ಮಕ್ಕಳಿಗೆ ಅದು ಕೈಗೆ ಗೊತ್ತಿರುವ ವಸ್ತು. ಒಕ್ಕೂಟ ಬಿಟ್ಟುಹೋದ ದಕ್ಷಿಣದ ರಾಜ್ಯಗಳಿಗೂ ಉಳಿದ ಉತ್ತರದವರಿಗೂ 1861ರಿಂದ 1865ರವರೆಗೆ ನಡೆದ ಆ ಯುದ್ಧದ ಬೇರಿಗೂ ಹತ್ತಿಗೂ ನೇರ ನಂಟಿದೆ.

ಮೊದಲ ಪೀರಿಯಡ್‌ಗೆ ಬಿಡಿಸಿ ತಂದ, ಬೀಜ ತೆಗೆಯದ ಹತ್ತಿ ಬೇಕು. ಇಬ್ಬರಿಗೆ 30 ಗ್ರಾಂ ಸಾಕು. ಹದಿನೈದು ನಿಮಿಷ ಬೆರಳಿನಿಂದಲೇ ಅರಳೆ ಬೇರೆ, ಹತ್ತಿಕಾಳು ಬೇರೆ ಮಾಡಲಿ. ಪೂರ್ತಿ ಬಿಡಿಸಿದರೂ ಅರಳೆ ಸಿಗುವುದು ತೂಕದ ಮೂರನೇ ಒಂದು ಪಾಲು, ಅಂದರೆ ಸುಮಾರು 10 ಗ್ರಾಂ. ಆದರೆ ಆ ಹೊತ್ತಿನಲ್ಲಿ ಯಾರೂ ಮುಗಿಸುವುದಿಲ್ಲ, ಎಳೆ ಕಾಳನ್ನು ಬಿಡುವುದೇ ಇಲ್ಲ. ಆಗ ಹೇಳಿ: 1793ರಲ್ಲಿ ಎಲಿ ವಿಟ್ನಿ ಜಿನ್ ಯಂತ್ರ ರೂಪಿಸಿದ ಮೇಲೆ ಈ ಕೆಲಸ ಅಮೆರಿಕದಲ್ಲಿ ಸಲೀಸಾಯಿತು. ಕೆಲಸ ಸಲೀಸಾದರೆ ಗುಲಾಮರು ಕಡಿಮೆಯಾಗಬೇಕಲ್ಲವೇ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ನಡೆದದ್ದು ತದ್ವಿರುದ್ಧ. ಬೀಜ ಬಿಡಿಸುವ ತೊಡಕು ಹೋದದ್ದರಿಂದ ಹತ್ತಿ ಭಾರಿ ಲಾಭದ ಬೆಳೆಯಾಯಿತು. ಕಾಡು ಕಡಿದು ಹೊಲ ಮಾಡಿದರು, ಬಿತ್ತಲು, ಕಳೆ ತೆಗೆಯಲು, ಬಿಡಿಸಲು ಇನ್ನಷ್ಟು ಕೈಗಳು ಬೇಕಾದವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ಕ್ಕೆ 40 ಲಕ್ಷದ ಹತ್ತಿರ ಬಂತು. 1808ರಲ್ಲೇ ಹೊರದೇಶದಿಂದ ಗುಲಾಮರನ್ನು ತರುವುದು ನಿಷೇಧವಾಗಿತ್ತು. ಹಾಗಾಗಿ ದೇಶದೊಳಗೇ ಮಾರಾಟ ಹೆಚ್ಚಿ, ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ ಆದ ಮನೆಗಳು ಅಸಂಖ್ಯ.

ಇಲ್ಲೊಂದು ಎಚ್ಚರಿಕೆ. ಹತ್ತಿ ಬಿಡಿಸಿದ ಮಕ್ಕಳಿಗೆ ‘ಗುಲಾಮರ ಕಷ್ಟ ಈಗ ನಿಮಗೂ ತಿಳೀತು’ ಎನ್ನಬೇಡಿ. ಫ್ಯಾನಿನ ಕೆಳಗೆ ಕೂತು ಹದಿನೈದು ನಿಮಿಷ ಮಾಡಿದ ಕೆಲಸ ಅದಲ್ಲ. ಅವರಿಗೆ ತಿಳಿದದ್ದು ಯಂತ್ರದ ಬೆಲೆ ಮಾತ್ರ. ಗುಲಾಮರ ಹರಾಜನ್ನು ನಾಟಕ ಮಾಡಿಸುವುದಂತೂ ಬೇಡವೇ ಬೇಡ: ಹರಾಜು ಕೂಗುವ ಹುಡುಗನಿಗೆ ಅದು ಆಟವಾಗುತ್ತದೆ, ನಿಂತ ಮಗುವಿಗೆ ಅವಮಾನವಾಗುತ್ತದೆ. ಉಬ್ಬಸವಿರುವ ಮಕ್ಕಳನ್ನು ಅರಳೆಯ ಧೂಳಿನಿಂದ ದೂರ ಕೂರಿಸಿ ತೂಕ ಬರೆದುಕೊಳ್ಳಲು ಹಚ್ಚಿ.

ಎರಡನೇ ಪೀರಿಯಡ್ ನಕಾಶೆಗೆ. ಇಂದಿನ 50 ರಾಜ್ಯಗಳ ನಕಾಶೆ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಪಶ್ಚಿಮದ ಬಹುಭಾಗ ಆಗ ರಾಜ್ಯವೇ ಆಗಿರಲಿಲ್ಲ, ಪಶ್ಚಿಮ ವರ್ಜೀನಿಯಾ ಬೇರೆಯಾದದ್ದು ಯುದ್ಧದ ನಡುವೆ, 1863ರಲ್ಲಿ. 1861ರ ಗಡಿಗಳನ್ನು ಬೋರ್ಡಿನ ಮೇಲೆ ಬರೆದು ಮೂರು ಬಣ್ಣ ಹಚ್ಚಿಸಿ. ಒಂದು, ಒಕ್ಕೂಟ ಬಿಟ್ಟ 11 ರಾಜ್ಯಗಳಿಗೆ. ಇನ್ನೊಂದು, ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ ಉಳಿದ ಡೆಲಾವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸ್ಸೌರಿಗೆ. ಮೂರನೆಯದು ಉಳಿದವಕ್ಕೆ. ನಡುವಿನ ಈ ನಾಲ್ಕನ್ನು ಬಿಟ್ಟರೆ ಮುಂದೆ ಅಧ್ಯಕ್ಷ ಲಿಂಕನ್‌ರ ಯಾವ ನಡೆಯೂ ಮಕ್ಕಳಿಗೆ ಅರ್ಥವಾಗದು. ಸಂಖ್ಯೆ ತೋರಿಸಲು ಹುಣಸೆ ಬೀಜ ಬಳಸಿ. ಇಡೀ ದೇಶಕ್ಕೆ 80 ಬೀಜ ಎಣಿಸಿ 10 ಪಕ್ಕಕ್ಕಿಡಿ: ಎಂಟರಲ್ಲಿ ಒಬ್ಬರು ಗುಲಾಮರು. ಬಿಟ್ಟುಹೋದ 11 ರಾಜ್ಯಗಳಲ್ಲಿ ಐದು ಜನರಲ್ಲಿ ಹತ್ತಿರಹತ್ತಿರ ಇಬ್ಬರು. ದಕ್ಷಿಣ ಕರೋಲಿನಾ, ಮಿಸಿಸಿಪ್ಪಿಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಬೀಜದ ಬದಲು ಮಕ್ಕಳನ್ನೇ ಎಬ್ಬಿಸಿ ನಿಲ್ಲಿಸಬೇಡಿ.

ಮೂರನೆಯದಕ್ಕೆ ಗೋಡೆಯ ಮೇಲೊಂದು ಹಗ್ಗ. ತಿಂಗಳಿಗೆ 5 ಸೆಂ.ಮೀ. ಹಿಡಿದರೆ 1860ರ ನವೆಂಬರ್‌ನಿಂದ 1865ರ ಡಿಸೆಂಬರ್‌ವರೆಗೆ ಮೂರು ಮೀಟರ್ ಚಿಲ್ಲರೆ ಬೇಕು. ಏಳು ಚೀಟಿ ಸಾಕು: ಲಿಂಕನ್ ಆಯ್ಕೆ (1860ರ ನವೆಂಬರ್ 6), ದಕ್ಷಿಣ ಕರೋಲಿನಾ ಹೊರನಡೆದದ್ದು (ಡಿಸೆಂಬರ್ 20), ಲಿಂಕನ್ ಪ್ರಮಾಣವಚನ (1861ರ ಮಾರ್ಚ್ 4), ದಕ್ಷಿಣದವರು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿಸಿ ಯುದ್ಧ ಶುರುವಾದದ್ದು (ಏಪ್ರಿಲ್ 12), ಗುಲಾಮರ ವಿಮೋಚನಾ ಘೋಷಣೆ (1863ರ ಜನವರಿ 1), ದಕ್ಷಿಣದ ಸೇನಾಪತಿ ಲೀ ಶರಣಾಗತಿ (1865ರ ಏಪ್ರಿಲ್ 9), ಗುಲಾಮಗಿರಿ ರದ್ದುಮಾಡಿದ ಸಂವಿಧಾನದ 13ನೇ ತಿದ್ದುಪಡಿ (ಡಿಸೆಂಬರ್ 6). ಲಿಂಕನ್ ಅಧಿಕಾರ ಹಿಡಿಯುವ ಮೊದಲೇ ಏಳು ರಾಜ್ಯಗಳು ಹೊರನಡೆದಿದ್ದವು. ಅದು ಹಗ್ಗದ ಮೇಲೆ ಕಣ್ಣಿಗೆ ಕಾಣಬೇಕು.

ಪ್ರಶ್ನೆ: ನನ್ನ ಮಗಳು ಐದನೇತ್ತಾ ಕಲಿಯಾಕತ್ತಾಳ್ರಿ. ಲಿಂಕನ್ ಸುದ್ದಿ ಓದಿ, ‘ಅಪ್ಪಾ, ಆ ಯುದ್ಧದಾಗ ಯಾರದು ಖರೇ ಇತ್ತು? ಗುಲಾಮರನ್ನ ಬಿಡಸಾಕಂತನ ಲಿಂಕನ್ ಯುದ್ಧ ಮಾಡಿದ್ನೇನು?’ ಅಂತ ಕೇಳ್ತಾಳ. ಏನು ಹೇಳೂದು?
– ಪಾಲಕರು, ಹಳೇ ಹುಬ್ಬಳ್ಳಿ

ಉತ್ತರ: ಇವು ಎರಡು ಪ್ರಶ್ನೆಗಳು, ಬೇರೆ ಬೇರೆಯಾಗಿಯೇ ಉತ್ತರಿಸಿ. ದಕ್ಷಿಣದ ರಾಜ್ಯಗಳು ಯಾಕೆ ಬಿಟ್ಟುಹೋದವು? ಗುಲಾಮಗಿರಿ ಉಳಿಸಿಕೊಳ್ಳಲು. ಮಿಸಿಸಿಪ್ಪಿಯವರು ಹೊರನಡೆಯುವಾಗ ಹೊರಡಿಸಿದ ಹೇಳಿಕೆಯಲ್ಲೇ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ‘ಅದು ರಾಜ್ಯಗಳ ಹಕ್ಕಿನ ಜಗಳ, ಎರಡೂ ಕಡೆ ನ್ಯಾಯವಿತ್ತು’ ಎಂದು ತೇಲಿಸಬೇಡಿ. ಮನುಷ್ಯರನ್ನು ಕೊಂಡು ಮಾರುವುದು ತಪ್ಪು ಎಂದು ಮಗುವಿಗೆ ಖಡಾಖಂಡಿತವಾಗಿ ಹೇಳಿ.

ಉತ್ತರದವರು ಯಾಕೆ ಯುದ್ಧಕ್ಕಿಳಿದರು? ಮೊದಲು, ದೇಶ ಒಡೆಯಬಾರದೆಂದು. ಗುಲಾಮರ ಬಿಡುಗಡೆ ಯುದ್ಧದ ಗುರಿಯಾದದ್ದು ಆಮೇಲೆ. 1863ರ ವಿಮೋಚನಾ ಘೋಷಣೆ ಅನ್ವಯಿಸಿದ್ದು ಬಂಡಾಯದ ಪ್ರದೇಶಗಳಿಗೆ ಮಾತ್ರ. ಒಕ್ಕೂಟದಲ್ಲೇ ಉಳಿದ ಆ ನಾಲ್ಕು ರಾಜ್ಯಗಳ ಗುಲಾಮರು ಅದರೊಳಗೆ ಬರಲಿಲ್ಲ. ಅದಕ್ಕೇ 13ನೇ ತಿದ್ದುಪಡಿ ಬೇಕಾಯಿತು.

ಇನ್ನೊಂದು ಮಾತು. ಕಥೆಯನ್ನು ಲಿಂಕನ್ ಒಬ್ಬರದೇ ಮಾಡಬೇಡಿ. ಸಾವಿರಾರು ಗುಲಾಮರು ತಾವಾಗಿಯೇ ತಪ್ಪಿಸಿಕೊಂಡು ಉತ್ತರದ ಸೇನೆಯ ನೆಲೆಗಳಿಗೆ ಬಂದರು. ಸುಮಾರು 1.8 ಲಕ್ಷ ಕಪ್ಪು ಜನ ಆ ಸೇನೆಯಲ್ಲಿ ಹೋರಾಡಿದರು. ಗುಲಾಮಗಿರಿಯಿಂದ ಪಾರಾಗಿ ಬಂದ ಹ್ಯಾರಿಯೆಟ್ ಟಬ್‌ಮನ್ 1863ರ ಜೂನ್‌ನಲ್ಲಿ ದಕ್ಷಿಣ ಕರೋಲಿನಾದ ಕೊಂಬಾಹೀ ನದಿಯ ದಾಳಿಗೆ ದಾರಿ ತೋರಿಸಿ 700ಕ್ಕೂ ಹೆಚ್ಚು ಜನರನ್ನು ಬಿಡಿಸಲು ನೆರವಾದಳು. ನಿಮ್ಮ ಮಗಳ ವಯಸ್ಸಿಗೆ ಈ ಕಥೆ ಚೆನ್ನಾಗಿ ಹಿಡಿಸುತ್ತದೆ.

ಪ್ರಶ್ನೆ: ಆ ಯುದ್ಧಕ್ಕೂ ಧಾರವಾಡದ ಹತ್ತಿಗೂ ಸಂಬಂಧವಿತ್ತೆಂದು ಕೇಳಿದ್ದೇನೆ. ಮಕ್ಕಳಿಗೆ ಎಷ್ಟು ಹೇಳಬಹುದು?
– ಪ್ರೌಢಶಾಲಾ ಶಿಕ್ಷಕ, ಧಾರವಾಡ

ಉತ್ತರ: ಧಾರಾಳವಾಗಿ ಹೇಳಿ. ಬ್ರಿಟನ್ನಿನ ಲ್ಯಾಂಕಶೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ಅಮೆರಿಕದಿಂದ ಹೋಗುತ್ತಿತ್ತು. 1861ರಲ್ಲಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಗಿರಣಿಗಳು ನಿಂತವು, ಕಾರ್ಮಿಕರು ಉಪವಾಸ ಬಿದ್ದರು, ಭಾರತದ ಹತ್ತಿಗೆ ಬೆಲೆ ಏರಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೆಳೆಯುತ್ತಿತ್ತು. ಪೇಟೆಯಲ್ಲಿ ಅದರ ಹೆಸರು ‘ಧಾರವಾಡ ಅಮೆರಿಕನ್’. ಹುಬ್ಬಳ್ಳಿಗೆ ಇನ್ನೂ ರೈಲು ಬಂದಿರಲಿಲ್ಲ. ಅಂಡಿಗೆಗಳು ಚಕ್ಕಡಿ ಏರಿ, ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರವನ್ನು ಹತ್ತಿಯ ಬಂದರು ಮಾಡುವ ಆಲೋಚನೆಯಿತ್ತು. ಬೆಲೆಯ ಆಸೆಗೆ ಹತ್ತಿಯಲ್ಲಿ ಮಣ್ಣು, ಕಾಳು ಬೆರೆಸುವುದು ಹೆಚ್ಚಿ, 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಕಲಬೆರಕೆ ತಡೆಯಲು ಕಾಯ್ದೆ ತಂದಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿದು ಮುಂಬಯಿಯ ಎಷ್ಟೋ ಕಂಪನಿಗಳು ದಿವಾಳಿಯಾದವು.

‘ಅಮೆರಿಕದ ಯುದ್ಧದಿಂದ ನಮ್ಮ ರೈತರೆಲ್ಲ ಸಾಹುಕಾರರಾದರು’ ಎಂದು ಮಾತ್ರ ಹೇಳಿಕೊಡಬೇಡಿ. ಏರಿದ ಬೆಲೆಯಲ್ಲಿ ದಲಾಲರ, ಸಾಲ ಕೊಟ್ಟವರ ಪಾಲೂ ಇತ್ತು.

ಪ್ರಶ್ನೆ: ಪಾಠದ ನಡುವೆ ಮಕ್ಕಳು ‘ಇದು ನಮ್ಮ ಅಸ್ಪೃಶ್ಯತೆಯ ಹಾಗೇ ಅಲ್ಲವೇ?’ ಎನ್ನುತ್ತಾರೆ. ಚರ್ಚೆ ಬಿಡಬಹುದೇ?
– ಶಿಕ್ಷಕ, ಹಾವೇರಿ

ಉತ್ತರ: ಬಿಡಲೇಬೇಕು. ಜ್ಯೋತಿಬಾ ಫುಲೆಯವರಿಗೂ ಅದೇ ಹೊಳೆದಿತ್ತು: 1873ರ ‘ಗುಲಾಮಗಿರಿ’ ಪುಸ್ತಕವನ್ನು ಅವರು ಅರ್ಪಿಸಿದ್ದು ಗುಲಾಮಗಿರಿ ತೊಲಗಿಸಲು ದುಡಿದ ಅಮೆರಿಕದ ಜನರಿಗೆ. ಆದರೆ ಎರಡೂ ಒಂದೇ ಎಂದು ಮುಗಿಸಬೇಡಿ. ಅಲ್ಲಿ ಮನುಷ್ಯ ಕಾನೂನಿನ ಪ್ರಕಾರ ಮಾರಾಟದ ಆಸ್ತಿ. ಇಲ್ಲಿ ಹುಟ್ಟಿನ ಹೆಸರಿನಲ್ಲಿ ಕೆರೆ, ಗುಡಿ, ಕೇರಿಗಳ ಬೇಲಿ. ಅವರ 13ನೇ ತಿದ್ದುಪಡಿಯನ್ನೂ ನಮ್ಮ ಸಂವಿಧಾನದ 17 (ಅಸ್ಪೃಶ್ಯತೆ ರದ್ದು) ಮತ್ತು 23ನೇ (ಮನುಷ್ಯರ ಮಾರಾಟ, ಬಿಟ್ಟಿ ದುಡಿಮೆಗೆ ನಿಷೇಧ) ವಿಧಿಗಳನ್ನೂ ಅಕ್ಕಪಕ್ಕ ಬರೆದು ಓದಿಸಿ. ಕಾನೂನು ಬಂದ ಮೇಲೂ ಅಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವ ಕಟ್ಟಳೆಗಳು ಬಂದವು, 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಸುಮಾರು ನೂರು ವರ್ಷ ಹಿಡಿಯಿತು ಎಂಬುದನ್ನೂ ಸೇರಿಸಿ. ಯಾವ ಮಗುವಿನ ಜಾತಿಯನ್ನೂ ಕೇಳಬೇಡಿ, ‘ನಿಮ್ಮ ಮನೆಯಲ್ಲಿ ಹೇಗಿತ್ತು ಹೇಳು’ ಎಂದು ಎಬ್ಬಿಸಬೇಡಿ. ತಾನಾಗಿ ಹೇಳಿದರೆ ಅಡ್ಡ ಮಾತಾಡದೆ ಕೇಳಿಸಿಕೊಳ್ಳಿ.

ಪ್ರಶ್ನೆ: ಸತ್ತವರ ಸಂಖ್ಯೆ, ಹೆಣಗಳ ಫೋಟೊ ತೋರಿಸಬಹುದೇ?
– ಶಿಕ್ಷಕಿ, ರೋಣ

ಉತ್ತರ: ಸಂಖ್ಯೆ ಹೇಳಿ. ಬಹಳ ಕಾಲ 6.2 ಲಕ್ಷ ಎನ್ನುತ್ತಿದ್ದರು, ಈಚಿನ ಅಂದಾಜುಗಳು 7 ಲಕ್ಷದ ಆಸುಪಾಸಿನವು. ಅವರಲ್ಲಿ ಮೂರನೇ ಎರಡರಷ್ಟು ಜನ ಸತ್ತದ್ದು ಗುಂಡಿನಿಂದಲ್ಲ, ಭೇದಿ, ವಿಷಮಶೀತಜ್ವರದಂಥ ರೋಗಗಳಿಂದ. ವಿಜ್ಞಾನ ಶಿಕ್ಷಕರ ಜೊತೆ ಸೇರಿ ಕುಡಿಯುವ ನೀರಿನ ಪಾಠಕ್ಕೆ ಇದನ್ನು ಜೋಡಿಸಬಹುದು. ರಣರಂಗದ ಹೆಣಗಳ ಫೋಟೊ ಎಂಟನೇ ತರಗತಿಗಿಂತ ಕೆಳಗೆ ಬೇಡ. ಸೈನಿಕರ ಡೇರೆ, ಅಡುಗೆ, ಆಸ್ಪತ್ರೆಯ ಚಿತ್ರಗಳು ಸಾಕಾಗುತ್ತವೆ.