ಹಾಲು ಕರೆಯದ ಹಿಂಡಿಗೆ ಮೊದಲು ಬೇಕಾದ್ದು ಓಣಿ

ಕರು ಮತ್ತು ಗೊಬ್ಬರಕ್ಕಾಗಿ ಸಾಕಿದ 30 ದನ ಇವೆ, ಹಗಲೆಲ್ಲ ಕಾಡಲ್ಲಿ ಮೇಯುತ್ತವೆ, ವರ್ಷಕ್ಕೆ ಯಾವ ಯಾವ ಸೂಜಿ ಹಾಕಿಸಬೇಕು ಎಂದು ಕೇಳಿದ್ದೀರಿ. ನಾವು ತಮಿಳುನಾಡಿನ ಈರೋಡ್ ಜಿಲ್ಲೆಯ ಬರಗೂರು ಬೆಟ್ಟದವರು. ಸೂಜಿಯ ವಿಷಯ ಆಮೇಲೆ. ನಿಮ್ಮ ದನ ಕೈಗೆ ಸಿಗುತ್ತವಾ?

ನಮ್ಮ ಬರಗೂರು ದನಗಳು ಹೊಸಬರನ್ನು ಕಂಡರೆ ಬೆದರುತ್ತವೆ. ಮೊದಲ ಸಲ ಹಗ್ಗ ಎಸೆದು ಹಿಡಿಯಲು ಹೋಗಿ ತಮ್ಮನ ಪಕ್ಕೆಗೆ ಕೊಂಬು ತಾಗಿತು. ಗಬ್ಬದ ಹಸುವೊಂದು ಬೇಲಿ ಹಾರಿ ಮೂರು ದಿನ ಮನೆಗೇ ಬರಲಿಲ್ಲ. ಡಾಕ್ಟರು ಲಸಿಕೆಯ ಐಸ್ ಡಬ್ಬ ಹಿಡಿದುಕೊಂಡು ವಾಪಸ್ ಹೋದರು.

ಆಮೇಲೆ ಪಟ್ಟಿಯ (ದನದ ದೊಡ್ಡಿಗೆ ನಮ್ಮಲ್ಲಿ ಹಾಗೇ ಹೇಳುವುದು) ಬಾಯಿಗೆ ಮರದ ಓಣಿ ಕಟ್ಟಿದೆವು. ಅಗಲ ಎರಡೂಕಾಲು ಅಡಿ. ದನ ನುಗ್ಗಬೇಕು, ತಿರುಗಬಾರದು. ಒಳಬದಿಯಲ್ಲಿ ಮೊಳೆ, ಸಿಬಿರು ಇರಕೂಡದು. ನಾಲ್ಕು ದನ ಸಾಲಾಗಿ ನಿಂತ ಮೇಲೆ ಹಿಂದೆ ಅಡ್ಡಗೋಲು ಹಾಕುತ್ತೇವೆ. ಸೂಜಿಗೆ ಒಂದು ವಾರ ಮೊದಲೇ ದಿನಾ ಅದರೊಳಗೆ ಹಾಯಿಸಿ, ಆಚೆ ತುದಿಯಲ್ಲಿ ಸ್ವಲ್ಪ ಉಪ್ಪು ಇಡಿ. ಕೂಗಾಟ, ನಾಯಿ ಬೇಡವೇ ಬೇಡ.

ಈಗ ಸೂಜಿ. ಕಾಲುಬಾಯಿ ರೋಗಕ್ಕೆ ಆರು ತಿಂಗಳಿಗೊಮ್ಮೆ. ಗಂಟಲು ಬೇನೆಗೂ ಚಪ್ಪೆ ರೋಗಕ್ಕೂ ಮಳೆಗಾಲಕ್ಕೆ ಮುಂಚೆ. ಚಪ್ಪೆಯನ್ನು ಹಗುರವಾಗಿ ನೋಡಬೇಡಿ. ಬಡಕಲು ದನ ಬಿಟ್ಟು, ಚೆನ್ನಾಗಿ ಮೈ ತುಂಬಿಕೊಂಡ ಎಳೆಯ ದನವನ್ನೇ ಜಾಸ್ತಿ ಹಿಡಿಯುವ ರೋಗ ಅದು. ತೊಡೆ ಊದುತ್ತದೆ, ಒತ್ತಿದರೆ ಚರಚರ ಅನ್ನುತ್ತದೆ. ಇವತ್ತು ಕುಂಟಿದ್ದು ನಾಳೆ ಇರುವುದಿಲ್ಲ. ರೋಗಾಣು ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹಾಗಾಗಿ ಸತ್ತ ದನವನ್ನು ಕೊಯ್ಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಕಂದು ಹಾಕಿಸುವ ಬ್ರೂಸೆಲ್ಲಾ ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಮಾತ್ರ ಸೂಜಿ, ಅದೂ ಜೀವಮಾನಕ್ಕೆ ಒಂದೇ ಸಲ. ಗಬ್ಬದ ಹಸುವಿಗೆ ಅದನ್ನು ಹಾಕಿಸಲೇಬೇಡಿ.

ಓಣಿಯಲ್ಲಿ ನಿಂತಾಗಲೇ ಕಿವಿ ಸಂದಿಯ ಉಣ್ಣೆ, ಗೊರಸು ನೋಡಿಬಿಡಿ. ಜಂತುಹುಳುವಿನಿಂದ ಸೊರಗುವುದು ಕರುಗಳೇ ಜಾಸ್ತಿ, ಔಷಧ ಅವಕ್ಕೆ ಮೊದಲು. ದೊಡ್ಡ ದನಗಳ ಸಗಣಿ ಪರೀಕ್ಷೆ ಮಾಡಿಸಿ ಆಮೇಲೆ ಕೊಡಿ, ಸುಮ್ನೆ ಸುರಿಯುವುದು ಬೇಡ.

ಇನ್ನೊಂದು. ಆಡಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಜಿಲ್ಲೆಯ ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಬಂದು ದನ ಕೊಂಡರೆ ಅವತ್ತೇ ಹಿಂಡಿಗೆ ಬಿಡಬೇಡಿ. ಮೂರು ವಾರ ಬೇರೆ ಕಟ್ಟಿ, ನೀರಿನ ತೊಟ್ಟಿಯೂ ಬೇರೆ ಇರಲಿ.